ಇಂಗ್ಲಿಷ್ ಪದಗಳ ಗುಂಪು ಕಟ್ಟುವಾಗ: ಯಾವುದು ಮೊದಲು, ಯಾವುದು ಆಮೇಲೆ

ಸಮಾನಾರ್ಥಕ ಪದಗಳ ಪಟ್ಟಿಯನ್ನು ಉರು ಹೊಡೆದವರು ಪದಗಳನ್ನು ಪೂರ್ತಿ ಮರೆಯುವುದಿಲ್ಲ, ಅದಲುಬದಲು ಮಾಡುತ್ತಾರೆ. ಗ್ಲಾನ್ಸ್, ಸ್ಟೇರ್, ಪೀಪ್ ಮೂರೂ ‘ನೋಡುವುದಕ್ಕೆ’ ಸೇರಿದ್ದು ಅನ್ನುವುದು ನೆನಪಿರುತ್ತದೆ. ಕಣ್ಣು ಹಾಯಿಸುವುದು ಯಾವುದು, ದುರುಗುಟ್ಟುವುದು ಯಾವುದು, ಇಣುಕುವುದು ಯಾವುದು ಅನ್ನುವುದು ಕಲಸಿಹೋಗಿರುತ್ತದೆ. ಭಾಷಾ ಕಲಿಕೆಯ ಸಂಶೋಧಕರಾದ ಥಾಮಸ್ ಟಿಂಕಮ್ 1993ರಲ್ಲಿ, ರಾಬ್ ವೇರಿಂಗ್ 1997ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಕಂಡಿತು: ಅರ್ಥ ಹತ್ತಿರವಿರುವ ಹೊಸ ಪದಗಳನ್ನು ಒಟ್ಟಿಗೆ ಕಲಿಯುವುದು ಸಂಬಂಧವೇ ಇಲ್ಲದ ಪದಗಳನ್ನು ಕಲಿಯುವುದಕ್ಕಿಂತ ನಿಧಾನ. ಒಂದೇ ಸನ್ನಿವೇಶಕ್ಕೆ ಸೇರಿದ ಪದಗಳಾದರೆ ಕಲಿಕೆ ಸುಲಭವಾಗುತ್ತದೆ ಎಂದು ಟಿಂಕಮ್ 1997ರಲ್ಲಿ ತೋರಿಸಿದರು.

ಹಾಗಾಗಿ ಗುಂಪು ಎರಡು ಬಗೆ. ಹೊಸ ಪದ ತಲೆಗೆ ಹತ್ತಿಸಿಕೊಳ್ಳುವುದಕ್ಕೆ ಸನ್ನಿವೇಶದ ಗುಂಪು. ಅರೆಬರೆ ಗೊತ್ತಿರುವ ಪದಗಳ ನಡುವಿನ ಗೆರೆ ಸ್ಪಷ್ಟ ಮಾಡಿಕೊಳ್ಳುವುದಕ್ಕೆ ಅರ್ಥದ ಗುಂಪು. ಈ ಕ್ರಮ ತಿರುಗುಮುರುಗಾದರೆ ಶ್ರಮವೆಲ್ಲ ವ್ಯರ್ಥ.

ಸನ್ನಿವೇಶದ ಗುಂಪಿಗೆ ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ ಕಾಫಿಗಿಂತ ಒಳ್ಳೆಯ ವಸ್ತು ಬೇಡ. ಅರ್ಧ ಪದಗಳು ಆಗಲೇ ಬಾಯಲ್ಲಿವೆ. ಹಣ್ಣು ಕುಯ್ಯುವುದು ಪಿಕ್, ಸಿಪ್ಪೆ ಬಿಡಿಸುವುದು ಪಲ್ಪ್, ಅಂಟು ಬಿಡಲು ಹುದುಗಿಸುವುದು ಫರ್ಮೆಂಟ್, ತೊಳೆಯುವುದು ವಾಶ್, ಕಣದಲ್ಲಿ ಒಣಗಿಸುವುದು ಡ್ರೈ, ಆಮೇಲೆ ಒಣ ಹೊಟ್ಟು ತೆಗೆದು ಬೀಜ ಹಸನು ಮಾಡುವುದು ಕ್ಯೂರ್, ಹುರಿಯುವುದು ರೋಸ್ಟ್, ಪುಡಿ ಮಾಡುವುದು ಗ್ರೈಂಡ್, ಕಾಫಿ ಇಳಿಸುವುದು ಬ್ರೂ. ಈ ಸರಪಳಿಯಲ್ಲಿ ಒಂದು ಪದದ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಆದ್ದರಿಂದ ಗೊಂದಲವೂ ಇಲ್ಲ. ಒಂಬತ್ತರಲ್ಲಿ ನಿಮಗೆ ಹೊಸದಾಗಿರುವ ಮೂರೋ ನಾಲ್ಕೋ ಪದಗಳನ್ನಷ್ಟೇ ಒಂದು ದಿನಕ್ಕೆ ಇಟ್ಟುಕೊಳ್ಳಿ. ಉಳಿದವು ಅವಕ್ಕೆ ಆಸರೆ.

ಪಿಕ್ ಚೆನ್ನಾಗಿ ಕೂತ ಮೇಲೆ, ಕಡೇ ಪಕ್ಷ ಒಂದು ವಾರ ಬಿಟ್ಟು, ಅದರ ಸುತ್ತ ಅರ್ಥದ ಗುಂಪು ಕಟ್ಟಿ. ಕನ್ನಡದಲ್ಲಿ ಕಾಫಿ ಹಣ್ಣನ್ನೂ ಕುಯ್ಯುತ್ತೇವೆ, ಹೂವನ್ನೂ ಕುಯ್ಯುತ್ತೇವೆ, ಭತ್ತವನ್ನೂ ಕುಯ್ಯುತ್ತೇವೆ. ಇಂಗ್ಲಿಷ್‌ನಲ್ಲಿ ಹಣ್ಣಿಗೆ ಪಿಕ್. ಹೂವಿಗೂ ಟೀ ಎಲೆಗೂ ಪ್ಲಕ್ ನಡೆಯುತ್ತದೆ. ಕುಡುಗೋಲು ಹಾಕಿ ಕೊಯ್ಯುವ ಭತ್ತ, ರಾಗಿಗೆ ರೀಪ್. ಹಾಸನದ ಕಡೆ ಕೀಳುವ ಆಲೂಗಡ್ಡೆಗೆ ಇವು ಯಾವುವೂ ಹೊಂದುವುದಿಲ್ಲ, ಅದಕ್ಕೆ ಡಿಗ್. ಬೆಳೆ ಯಾವುದಾದರೂ ಎಲ್ಲಕ್ಕೂ ಹೊಂದುವುದು ಹಾರ್ವೆಸ್ಟ್. ತೋಟದ ಲೆಕ್ಕದಲ್ಲಿ ಇನ್ನೂ ನವಿರಾದ ಭೇದಗಳಿವೆ. ಮೊದಲು ಹಣ್ಣಾದದ್ದನ್ನಷ್ಟೇ ಆಯ್ದು ಬಿಡಿಸುವುದು ಫ್ಲೈ ಪಿಕಿಂಗ್, ಕೊನೆಗೆ ಹಣ್ಣು ಕಾಯಿ ಎನ್ನದೆ ರೆಂಬೆ ಬರಿದು ಮಾಡುವುದು ಸ್ಟ್ರಿಪ್ಪಿಂಗ್, ನೆಲಕ್ಕೆ ಉದುರಿದ್ದನ್ನು ಹೆಕ್ಕುವುದು ಗ್ಲೀನಿಂಗ್. ತೋಟದಲ್ಲಿ ಗ್ಲೀನ್ ಅರ್ಥವಾದವರಿಗೆ ಪತ್ರಿಕೆಯಲ್ಲಿ ‘ಗ್ಲೀನ್ ಇನ್ಫರ್ಮೇಶನ್’ ಕಂಡಾಗ ನಿಘಂಟೇ ಬೇಡ: ಮಾಹಿತಿಯನ್ನು ಅಲ್ಲಲ್ಲಿಂದ ಹೆಕ್ಕುವುದು.

ಮಳೆಯ ಪದಗಳಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಡ್ರಿಜಲ್, ಶವರ್, ಡೌನ್‌ಪೋರ್ ಮೂರನ್ನೂ ಜೋರಿನ ಲೆಕ್ಕದಲ್ಲಿ ಮೆಟ್ಟಿಲಿನಂತೆ ಜೋಡಿಸುತ್ತಾರೆ. ಡ್ರಿಜಲ್ ಅಂದರೆ ಸಣ್ಣ ಹನಿಯ ತುಂತುರು, ಡೌನ್‌ಪೋರ್ ಅಂದರೆ ಸುರಿದುಬಿಡುವ ಮಳೆ, ಸರಿ. ಆದರೆ ಶವರ್ ಹೇಳುವುದು ಜೋರನ್ನಲ್ಲ, ಅವಧಿಯನ್ನು: ಬಂದು ಸ್ವಲ್ಪ ಹೊತ್ತಿಗೆ ಹೋಗುವ ಮಳೆ. ಕಾಫಿ ಹೂವಿಗೆ ಬೇಕಾದ ಬೇಸಿಗೆ ಮಳೆಯನ್ನು ಬ್ಲಾಸಮ್ ಶವರ್ ಅನ್ನುವುದು ಅದಕ್ಕೇ. ಆಷಾಢದಲ್ಲಿ ಹಗಲು ರಾತ್ರಿ ಹಿಡಿದುಕೊಳ್ಳುವ ಜಡಿಮಳೆಗೆ ಶವರ್ ಬರೆದರೆ ತಪ್ಪು. ಅದು ಇನ್‌ಸೆಸೆಂಟ್ ರೈನ್. ಗುಂಪು ಕಟ್ಟುವಾಗಲೆಲ್ಲ ಪದಗಳು ಯಾವುದರಲ್ಲಿ ಬೇರೆ ಎಂದು ಕೇಳಿಕೊಳ್ಳಿ: ಪ್ರಮಾಣವೋ, ಅವಧಿಯೋ, ವಸ್ತುವೋ, ಹೊಗಳಿಕೆ ತೆಗಳಿಕೆಯೋ. ಸ್ಲಿಮ್, ಸ್ಕಿನ್ನಿ ಎರಡೂ ತೆಳ್ಳಗಿರುವುದೇ, ಆದರೆ ಎರಡನೆಯದನ್ನು ಯಾರ ಎದುರಿಗೂ ಹೇಳಬಾರದು.

ಪ್ರತಿ ಪದದ ಪಕ್ಕ ಅದರ ಜೊತೆಗಾರ ಪದವನ್ನೂ ಬರೆಯಲೇಬೇಕು. ಜೋರು ಮಳೆ ಹೆವಿ ರೈನ್, ಆದರೆ ಗಟ್ಟಿ ಕಾಫಿ ಸ್ಟ್ರಾಂಗ್ ಕಾಫಿ. ಇವನ್ನು ಅದಲುಬದಲು ಮಾಡುವಂತಿಲ್ಲ. ನಮ್ಮ ‘ನೋಡು’ ಒಂದೇ ಕ್ರಿಯಾಪದವಾದ್ದರಿಂದ ‘ಸೀ ಟೀವಿ’ ಅಂದುಬಿಡುತ್ತೇವೆ, ಟೀವಿಗೆ ವಾಚ್. ‘ಹೀ ಸೆಡ್ ಮೀ’ ಕೂಡ ಇದೇ ಜಾತಿಯ ತಪ್ಪು: ಟೆಲ್ ಪದಕ್ಕೆ ಕೇಳುವವರು ನೇರವಾಗಿ ಅಂಟಿಕೊಳ್ಳುತ್ತಾರೆ, ಸೇ ಪದಕ್ಕೆ ನಡುವೆ ‘ಟು’ ಬೇಕು.

ವಿರುದ್ಧ ಪದಗಳ ಜೋಡಿಯೂ ಅಪಾಯವೇ. ಸಾಲ ಪಡೆಯುವುದು ಬಾರೋ, ಕೊಡುವುದು ಲೆಂಡ್. ಎರಡನ್ನೂ ಒಂದೇ ದಿನ ಬರೆದವರಿಗೆ ಪರೀಕ್ಷೆಯಲ್ಲಿ ಕೈ ತಡವರಿಸುತ್ತದೆ. ಬಾರೋ ಮೊದಲು ಕಲಿತು ಮಾತಿನಲ್ಲಿ ಬಳಸಿ, ಲೆಂಡ್ ಮುಂದಿನ ವಾರಕ್ಕೆ ಬಿಡಿ.

ನೋಟ್‌ಬುಕ್‌ನಲ್ಲಿ ಒಂದು ಗುಂಪಿಗೆ ಎದುರುಬದುರಾದ ಎರಡು ಪುಟ ಕೊಡಿ. ಎಡಕ್ಕೆ ಪದ, ಸ್ಪೆಲಿಂಗ್, ಜೊತೆಗಾರ ಪದ. ಬಲಕ್ಕೆ ನಿಮ್ಮದೇ ವಾಕ್ಯ, ಪದದ ಜಾಗ ಖಾಲಿ ಬಿಟ್ಟು. ಮರುದಿನ, ಮೂರನೇ ದಿನ, ಏಳನೇ ದಿನ, ಮೂರು ವಾರದ ಮೇಲೆ ಎಡ ಪುಟ ಮುಚ್ಚಿ ಖಾಲಿ ಜಾಗ ತುಂಬಿ. ಒಂದು ಜಾಗಕ್ಕೆ ಗುಂಪಿನ ಎರಡು ಪದಗಳು ಹೊಂದಿದರೆ ಆ ವಾಕ್ಯ ಸಡಿಲವಾಗಿದೆ ಎಂದರ್ಥ. ಒಂದೇ ಪದ ಹಿಡಿಸುವಂತೆ ಅದನ್ನು ತಿದ್ದಿ ಬರೆಯಿರಿ.