ತೊಲೆ ಮತ್ತು ಕಮಾನು: ಮೆಹ್ರೌಲಿಯಿಂದ ವಿಜಯಪುರದವರೆಗೆ

ದೆಹಲಿಯ ಮೆಹ್ರೌಲಿಯಲ್ಲಿ ಕುತುಬ್ ಮಿನಾರನ್ನು ನೋಡಲು ಹೋದವರು ಅದರ ಪಕ್ಕದ ಕುವ್ವತ್-ಉಲ್-ಇಸ್ಲಾಂ ಮಸೀದಿಯ ಎತ್ತರದ ಕಮಾನುಗಳ ಎದುರು ಸ್ವಲ್ಪ ಹೊತ್ತು ನಿಂತು ಕಲ್ಲುಗಳ ನಡುವಿನ ಸಂದುಗಳನ್ನು ಗಮನಿಸಬೇಕು. ಕಮಾನಿನ ಆಕಾರದಲ್ಲಿ ಯಾವ ಕೊರತೆಯೂ ಇಲ್ಲ. ಇಕ್ಕೆಲಗಳು ಬಾಗಿ ಮೇಲೇರಿ ಚೂಪಾದ ತುದಿಯಲ್ಲಿ ಕೂಡುತ್ತವೆ. ಆದರೆ ಸಂದುಗಳು ಬುಡದಿಂದ ತುದಿಯವರೆಗೂ ನೆಲಕ್ಕೆ ಸಮಾಂತರವಾಗಿಯೇ ಇವೆ. ನಿಜವಾದ ಕಮಾನಿನಲ್ಲಿ ಬೆಣೆಯಾಕಾರದ ಕಲ್ಲುಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿಕೊಂಡು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಇಲ್ಲಿ ಪ್ರತಿಯೊಂದು ಸಾಲನ್ನೂ ಕೆಳಗಿನದಕ್ಕಿಂತ ತುಸು ಮುಂದಕ್ಕೆ ಚಾಚಿಸಿ, ಎರಡೂ ಬದಿಗಳು ಮೇಲೆ ಸಂಧಿಸಿದ ಬಳಿಕ ಅಂಚನ್ನು ಬಾಗಿಸಿ ಕೆತ್ತಲಾಗಿದೆ. 1199ರ ಸುಮಾರಿಗೆ ಎದ್ದ ಈ ಕಮಾನುಗಳನ್ನು ಕೇಳಿದವರು ಹೊರಗಿನಿಂದ ಬಂದ ಅರಸರು. ಕಟ್ಟಿದವರು ದೇವಾಲಯಗಳನ್ನು ಕಟ್ಟುತ್ತ ಬಂದ ಇಲ್ಲಿನ ಕಲ್ಲುಕುಟಿಗರು.

ಇಂಡೋ-ಇಸ್ಲಾಮಿಕ್ ವಾಸ್ತುಶೈಲಿಯ ಲಕ್ಷಣಗಳೆಂದು ಪಠ್ಯಗಳಲ್ಲಿ ಬರುವ ಪಟ್ಟಿ ನಮಗೆ ಗೊತ್ತಿರುವಂಥದ್ದೇ: ಕಮಾನು, ಗುಮ್ಮಟ, ಮಿನಾರು, ಜಾಲಂಧ್ರ (ಕಲ್ಲಿನಲ್ಲಿ ಕೊರೆದ ಜಾಲರಿ), ಅಕ್ಷರಗಳ ಅಲಂಕಾರ, ಮನುಷ್ಯ ಮತ್ತು ಪ್ರಾಣಿಗಳ ಬದಲಿಗೆ ಬಳ್ಳಿ ಹಾಗೂ ರೇಖಾಕೃತಿಗಳು. ಪಟ್ಟಿ ತಪ್ಪಲ್ಲ. ಆದರೆ ಆ ಅಂಶಗಳಲ್ಲಿ ಹೆಚ್ಚಿನವು ಇರಾನಿನಲ್ಲೂ ಮಧ್ಯ ಏಷ್ಯಾದಲ್ಲೂ ಇದ್ದವು. ಈ ನೆಲದಲ್ಲಿ ಹೊಸದಾಗಿ ನಡೆದದ್ದು ಭಾರ ಹೊರುವ ಎರಡು ವಿಧಾನಗಳ ಮುಖಾಮುಖಿ. ಕಂಬದ ಮೇಲೆ ಬೋದಿಗೆ (ಕಂಬದ ತಲೆಯ ಅಗಲವಾದ ಆಧಾರಗಲ್ಲು), ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಎಂಬ ನಮ್ಮ ಹಳೆಯ ಕ್ರಮದಲ್ಲಿ ಭಾರವೆಲ್ಲ ನೇರವಾಗಿ ಕೆಳಗಿಳಿಯುತ್ತದೆ. ಅಲ್ಲಿ ಗಾರೆಗೆ ದೊಡ್ಡ ಕೆಲಸವಿಲ್ಲ. ಆದರೆ ಕಲ್ಲಿನ ತೊಲೆ ಬಾಗುವ ಎಳೆತವನ್ನು ತಾಳಲಾರದಾದ್ದರಿಂದ ಕಂಬಗಳನ್ನು ಹತ್ತಿರ ಹತ್ತಿರವೇ ನಿಲ್ಲಿಸಬೇಕಾಗುತ್ತದೆ. ಕಮಾನಿಗೆ ಆ ಮಿತಿಯಿಲ್ಲ. ಬದಲಿಗೆ ಅದು ಪಕ್ಕಕ್ಕೆ ತಳ್ಳುತ್ತದೆ; ಆ ತಳ್ಳಿಕೆಯನ್ನು ತಡೆಯಲು ದಪ್ಪ ಗೋಡೆಯೂ ಕಲ್ಲುಗಳನ್ನು ಹಿಡಿದಿಡುವ ಒಳ್ಳೆಯ ಸುಣ್ಣದ ಗಾರೆಯೂ ಬೇಕು.

ಇಲ್ಲಿನವರಿಗೆ ಕಮಾನೇ ಗೊತ್ತಿರಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಉತ್ತರ ಪ್ರದೇಶದ ಭಿತರ್‌ಗಾಂವ್‌ನ ಗುಪ್ತರ ಕಾಲದ ಇಟ್ಟಿಗೆ ದೇವಾಲಯದಲ್ಲಿ ನಿಜವಾದ ಕಮಾನುಗಳಿವೆ. ಗೊತ್ತಿದ್ದೂ ಕಲ್ಲಿನ ಕೆಲಸದಲ್ಲಿ ಅದನ್ನು ಬೆಳೆಸದೆ, ಚಾಚುಗಲ್ಲುಗಳ ವಿಧಾನವನ್ನೇ ಬೇರೊಂದು ಎತ್ತರಕ್ಕೆ ಒಯ್ದರು. ಹೊಯ್ಸಳ ದೇವಾಲಯಗಳ ಭುವನೇಶ್ವರಿಗಳನ್ನು, ಅಂದರೆ ಕೆತ್ತನೆಯ ಒಳಮಾಳಿಗೆಗಳನ್ನು, ತಲೆಯೆತ್ತಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವು ಗುಮ್ಮಟದಂತೆ ಕಾಣುತ್ತವೆ, ಆದರೆ ಗುಮ್ಮಟದಂತೆ ತಳ್ಳುವುದಿಲ್ಲ. ಮೆಹ್ರೌಲಿಯ ಕುಶಲಕರ್ಮಿಗಳು ಮಾಡಿದ್ದು ಅದೇ ವಿದ್ಯೆಯ ಮುಂದುವರಿಕೆ. ಮಸೀದಿಯ ಕಂಬಗಳ ಕತೆ ಅಷ್ಟು ಸೌಮ್ಯವಾದುದಲ್ಲ. ಇಪ್ಪತ್ತೇಳು ದೇವಾಲಯಗಳ ಸಾಮಗ್ರಿಯನ್ನು ಬಳಸಿದ್ದಾಗಿ ಅದರ ಪೂರ್ವದ್ವಾರದ ಶಾಸನವೇ ಸಾರುತ್ತದೆ. ಆ ಕಂಬಗಳ ಮೇಲಿನ ಗಂಟೆ, ಸರಪಣಿಗಳ ಕೆತ್ತನೆ ಈಗಲೂ ಕಾಣುತ್ತದೆ. ಈ ಶೈಲಿಯ ಚರಿತ್ರೆಯನ್ನು ಹೇಳುವವರು ಆ ಧ್ವಂಸವನ್ನೂ ಮರೆಮಾಚಬಾರದು, ನಂತರದ ಶತಮಾನಗಳಲ್ಲಿ ಅದೇ ಕೈಗಳು ಕಲಿತು ಕಲಿಸಿದ್ದನ್ನೂ ಮರೆಯಬಾರದು.

ಕಲಿಕೆಗೆ ಸುಮಾರು ತೊಂಬತ್ತು ವರ್ಷ ಹಿಡಿಯಿತು. 1287ರ ಸುಮಾರಿನ ಸುಲ್ತಾನ ಬಲ್ಬನ್‌ನ ಸಮಾಧಿಯಲ್ಲಿ ಬೆಣೆಗಲ್ಲುಗಳ ನಿಜವಾದ ಕಮಾನು ಕಾಣಿಸಿಕೊಳ್ಳುತ್ತದೆ. ದೆಹಲಿಯ ಸುಲ್ತಾನರ ಕಟ್ಟಡಗಳಲ್ಲಿ ಉಳಿದಿರುವ ಮೊದಲ ನಿದರ್ಶನ ಅದೇ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. 1311ರಲ್ಲಿ ಅಲಾವುದ್ದೀನ್ ಖಿಲ್ಜಿ ಕಟ್ಟಿಸಿದ ಅಲಾಯಿ ದರ್ವಾಜಾದ ಹೊತ್ತಿಗೆ ಅಳುಕು ಮಾಯವಾಗಿದೆ. ಅಲ್ಲಿನ ಕಮಾನುಗಳು ದೃಢವಾಗಿವೆ, ಅವುಗಳ ಒಳ ಅಂಚಿನಲ್ಲಿ ಮೊಗ್ಗುಗಳ ಸಾಲೊಂದು ಇಳಿದಿದೆ, ಮೇಲೆ ನಿಜವಾದ ಗುಮ್ಮಟವಿದೆ. ಚೌಕಾಕಾರದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಬೇಕಾದರೆ ನಾಲ್ಕು ಮೂಲೆಗಳಿಗೂ ಅಡ್ಡಲಾಗಿ ಸಣ್ಣ ಕಮಾನುಗಳನ್ನು ಕಟ್ಟಿ ಚೌಕವನ್ನು ಎಂಟು ಮೂಲೆಯಾಗಿಸಬೇಕು. ಆ ಉಪಾಯವೂ ಇಲ್ಲಿ ಪಳಗಿದೆ. ಮಂಗೋಲರ ದಾಳಿಗಳಿಂದ ಇರಾನ್, ಮಧ್ಯ ಏಷ್ಯಾಗಳನ್ನು ತೊರೆದ ಕುಶಲಕರ್ಮಿಗಳು ದೆಹಲಿ ಸೇರಿದ್ದು ಈ ಬದಲಾವಣೆಗೆ ಕಾರಣವೆಂದು ಹಲವು ಇತಿಹಾಸಕಾರರು ಹೇಳುತ್ತಾರೆ.

ಹಾಗೆಂದು ಕಮಾನು ಬಂದ ಮೇಲೆ ತೊಲೆ ಮೂಲೆ ಸೇರಲಿಲ್ಲ. ಈ ಶೈಲಿಯ ನಿಜವಾದ ಲಕ್ಷಣ ಇದೇ ಎಂದು ನನಗೆ ತೋರುತ್ತದೆ: ಎರಡೂ ವಿಧಾನಗಳು ಕೈಗೆ ಬಂದ ಮೇಲೂ ಎರಡನ್ನೂ ಉಳಿಸಿಕೊಂಡು, ಊರು, ಕಲ್ಲು ಮತ್ತು ಸಂದರ್ಭಕ್ಕೆ ತಕ್ಕಂತೆ ಆಯ್ದುಕೊಂಡದ್ದು. 1424ರಲ್ಲಿ ಪೂರ್ಣಗೊಂಡ ಅಹಮದಾಬಾದಿನ ಜಾಮಿ ಮಸೀದಿಯ ಮುಂಭಾಗದಲ್ಲಿ ಕಮಾನುಗಳಿವೆ, ಒಳಗೆ ಕಂಬಗಳ ಕಾಡೇ ಇದೆ. ಅಕ್ಬರನು ಫತೇಪುರ್ ಸಿಕ್ರಿಯ ಅರಮನೆಗಳಲ್ಲಿ ಬೇಕೆಂದೇ ಕಂಬ, ಬೋದಿಗೆ, ತೊಲೆಗಳನ್ನು ಮುಂದೆ ತಂದನು.

ಆಯ್ಕೆಯ ಮಾತನ್ನು ಹಂಪಿಯಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಅಲ್ಲಿ ಕಟ್ಟಿಸಿದ ಮಸೀದಿಗೆ ಗುಮ್ಮಟವೂ ಇಲ್ಲ, ಮಿನಾರೂ ಇಲ್ಲ. ಅದು ದೇವಾಲಯದ ಮಂಟಪದಂಥ ಕಂಬಗಳ ಸಾಲು. ಅದರ ಕನ್ನಡ ಶಾಸನ ಅದನ್ನು ‘ಧರ್ಮಸಾಲೆ’ ಎಂದು ಕರೆದು, ಅದರ ಪುಣ್ಯವನ್ನು ಅರಸನಿಗೆ ಅರ್ಪಿಸುತ್ತದೆ. ಆದರೆ ಪಕ್ಕದಲ್ಲೇ ಇರುವ ಸಮಾಧಿಗೆ ಕಮಾನುಗಳೂ ಗುಮ್ಮಟವೂ ಇವೆ. ಗುಮ್ಮಟ ಕಟ್ಟಲು ಬಾರದವರು ಕಂಬದ ಮಸೀದಿ ಕಟ್ಟಿದರು ಎನ್ನಲು ಇಲ್ಲಿ ಅವಕಾಶವೇ ಇಲ್ಲ. ಅದೇ ನಗರದ ಅರಸರು ತಮ್ಮ ಆನೆಲಾಯದ ಹನ್ನೊಂದು ಕೋಣೆಗಳಿಗೂ ಕಮಲ ಮಹಲಿಗೂ ಕಮಾನನ್ನು ಸಂಕೋಚವಿಲ್ಲದೆ ಬಳಸಿಕೊಂಡರು. ಕಟ್ಟಡಗಳನ್ನು ಧರ್ಮದ ಹೆಸರಿನಲ್ಲಿ ಎರಡು ಕಪಾಟುಗಳಿಗೆ ಹಂಚಿದ್ದು 19ನೇ ಶತಮಾನದ ಬ್ರಿಟಿಷ್ ವಿದ್ವಾಂಸರ ವರ್ಗೀಕರಣ. ಆ ಕಪಾಟುಗಳಲ್ಲಿ ಹಂಪಿಯ ಈ ಮಸೀದಿಗೆ ಜಾಗ ಸಿಗುವುದು ಕಷ್ಟ.

ದಖ್ಖನಿನ ಉತ್ತರ ಭಾಗದಲ್ಲಿ ಕಮಾನು ಬೇರೆ ಹಾದಿ ಹಿಡಿಯಿತು. 1347ರಲ್ಲಿ ದೆಹಲಿಯಿಂದ ಬೇರ್ಪಟ್ಟ ಬಹಮನಿ ಅರಸರು ಇರಾನಿನ ಜೊತೆ ಸಮುದ್ರಮಾರ್ಗದ ನೇರ ನಂಟು ಇಟ್ಟುಕೊಂಡಿದ್ದರು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯ 1367ರ ಶಾಸನದಲ್ಲಿ ಇರಾನಿನ ಕಜ್ವೀನ್ ಮೂಲದ ರಫಿ ಎಂಬವನ ಹೆಸರಿದೆ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಈ ಮಸೀದಿಗೆ ತೆರೆದ ಅಂಗಳವೇ ಇಲ್ಲ. ಇಡೀ ನೆಲದ ಮೇಲೆ ಸಣ್ಣ ದೊಡ್ಡ ಗುಮ್ಮಟಗಳ ಚಾವಣಿ ಹಾಸಿದೆ. ಬದಿಯ ಓಣಿಗಳಲ್ಲಿ ಗಿಡ್ಡ ಕಂಬಗಳಿಂದ ಹೊರಟು ಬಹಳ ಅಗಲಕ್ಕೆ ಹರಡಿದ ಕಮಾನುಗಳು ಒಂದರ ಹಿಂದೊಂದು ಸಾಗುವುದನ್ನು ನೋಡುವಾಗ, ಮೆಹ್ರೌಲಿಯ ಆ ಹಿಂಜರಿಕೆಯ ಕಮಾನು ಎಷ್ಟು ದೂರ ಬಂದಿದೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಪೂರೈಸಿದ ಮೂರಂತಸ್ತಿನ ಮದರಸಾ ವಿನ್ಯಾಸದಲ್ಲೂ ಬಣ್ಣದ ಹೆಂಚುಗಳಲ್ಲೂ ಇರಾನನ್ನೇ ನೆನಪಿಸುತ್ತದೆ. 17ನೇ ಶತಮಾನದ ಕೊನೆಯಲ್ಲಿ ಅದರೊಳಗಿನ ಮದ್ದು ಸಿಡಿದು ಕಟ್ಟಡದ ಒಂದು ಪಾಲು ಕುಸಿಯಿತು. ಉಳಿದ ಒಂಟಿ ಮಿನಾರಿನ ಮೇಲಿನ ಹೆಂಚುಗಳನ್ನು ನೋಡಿದರೆ ಕಳೆದುಕೊಂಡದ್ದರ ಅಂದಾಜಾಗಿ ಮನಸ್ಸು ಭಾರವಾಗುತ್ತದೆ.

ಆದಿಲ್‌ಶಾಹಿಗಳ ವಿಜಯಪುರದಲ್ಲಿ ಈ ವಿದ್ಯೆ ತನ್ನ ಧೈರ್ಯದ ತುದಿಯನ್ನು ಮುಟ್ಟಿತು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟದ ಒಳಕೋಣೆಯ ಒಂದೊಂದು ಬದಿಯೂ ಸುಮಾರು 41 ಮೀಟರ್. ಹೊರಗಿನಿಂದ ಅಳೆದರೆ ಗುಮ್ಮಟದ ವ್ಯಾಸ ಸುಮಾರು 44 ಮೀಟರ್. ಒಳಗೆ ನಡುವಿನಲ್ಲಿ ಒಂದೇ ಒಂದು ಕಂಬವಿಲ್ಲ. ಇಷ್ಟು ದೊಡ್ಡ ಕೋಣೆಗೆ ಮೂಲೆಯ ಸಣ್ಣ ಕಮಾನುಗಳು ಸಾಲುವುದಿಲ್ಲ. ಆದ್ದರಿಂದ ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿಟ್ಟ ಹಾಗೆ ಎಂಟು ದೊಡ್ಡ ಕಮಾನುಗಳನ್ನು ಒಂದನ್ನೊಂದು ಹಾಯುವಂತೆ ನಿಲ್ಲಿಸಿ, ಅವುಗಳ ನಡುವಿನ ಬಾಗಿದ ಮೈಗಳು ಮೇಲೇರುತ್ತ ಒಳಕ್ಕೆ ಚಾಚಿ ವೃತ್ತವಾಗುವಂತೆ ಮಾಡಿದರು. ಎಂಟು ಮೂಲೆಯ ಈ ನಕ್ಷತ್ರ ನಮ್ಮ ದೇವಾಲಯಗಳ ನಕ್ಷತ್ರಾಕಾರದ ತಳವನ್ನು ನೆನಪಿಗೆ ತಂದರೂ ಇದರ ಪೂರ್ವಜರು ಇರಾನ್, ಮಧ್ಯ ಏಷ್ಯಾಗಳ ಚಿಕ್ಕ ಗುಮ್ಮಟಗಳು. ಆ ವೃತ್ತದ ಒಳ ಅಂಚಿನಿಂದ ತುಸು ಹಿಂದೆ ಸರಿದು ಗುಮ್ಮಟ ಕುಳಿತಿದೆ. ಹೀಗೆ ಒಳಕ್ಕೆ ಚಾಚಿ ಉಳಿದ ಕಟ್ಟಡದ ಭಾರ ಒಳಮುಖವಾಗಿ ಎಳೆಯುತ್ತ, ಹೊರಮುಖವಾಗಿ ತಳ್ಳುವ ಗುಮ್ಮಟವನ್ನು ಸರಿದೂಗಿಸುತ್ತದೆ. ಪ್ರವಾಸಿಗರು ಪಿಸುಮಾತಿನ ಗ್ಯಾಲರಿ ಎಂದು ಕರೆದು ಕೂಗಿ ನೋಡುವ, ಸುಮಾರು 11 ಅಡಿ ಅಗಲದ ಆ ಸುತ್ತುಪಡಸಾಲೆ ಅದೇ ಚಾಚಿನ ಮೇಲೆ ಇದೆ. ಮಾತು ಮರುದನಿಸುವ ಸೋಜಿಗವನ್ನು ಎಲ್ಲರೂ ಹೇಳುತ್ತಾರೆ. ಗುಮ್ಮಟವನ್ನು ಮೂರೂವರೆ ಶತಮಾನ ಎತ್ತಿ ಹಿಡಿಯುವುದರಲ್ಲಿ ಆ ಪಡಸಾಲೆಯ ಕೆಳಗಿನ ಚಾಚಿಗೂ ಪಾಲಿದೆ ಎಂಬುದನ್ನು ಅಲ್ಲಿಗೆ ಬರುವ ಶಾಲಾಮಕ್ಕಳಿಗೆ ಯಾರಾದರೂ ಹೇಳಬೇಕು. ಹೊರಗಿನಿಂದ ನೋಡಿದರೆ ಗುಮ್ಮಟದ ಬುಡವನ್ನು ಕಮಲದ ಎಸಳುಗಳು ಸುತ್ತಿಕೊಂಡಿವೆ.

ಅದಕ್ಕಿಂತ ಮೂರು ದಶಕ ಮೊದಲು, 1627ರ ವೇಳೆಗೆ, ಅದೇ ಊರಿನ ಪಶ್ಚಿಮದಲ್ಲಿ ಇಬ್ರಾಹಿಂ ರೋಜಾ ಎಂಬ ಸಮಾಧಿ ಪೂರ್ಣಗೊಂಡಿತ್ತು. ಅದರ ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳೇ ಜಾಲಂಧ್ರವಾಗಿ ಬೆಳಕನ್ನು ಸೋಸುತ್ತವೆ. ಸಮಾಧಿಯ ಕೋಣೆಯೊಳಗೆ ಹೋಗಿ ತಲೆಯೆತ್ತಿದರೆ, ಹೊರಗೆ ಗುಮ್ಮಟ ಕಂಡಿದ್ದರೂ ಒಳಗೆ ಕಾಣುವುದು ಚಪ್ಪಟೆಯಾದ ಕಲ್ಲಿನ ಮಾಳಿಗೆ. ಕೆಳಗೆ ಕಂಬವಿಲ್ಲ, ಅಡ್ಡಲಾಗಿ ತೊಲೆಯೂ ಕಾಣುವುದಿಲ್ಲ. ಅಂಚಿಗೆ ಅಂಚು ಕೂಡಿಸಿದ ಕಲ್ಲುಗಳನ್ನು ಹಿಡಿದಿರುವುದು ಮುಖ್ಯವಾಗಿ ಗಾರೆಯ ಬಲ. ಮೆಹ್ರೌಲಿಯಲ್ಲಿ ತೊಲೆಯ ವಿದ್ಯೆಯಿಂದ ಕಮಾನಿನ ರೂಪವನ್ನು ಕಡೆದಿದ್ದರು. ನಾಲ್ಕು ಶತಮಾನಗಳ ಬಳಿಕ ವಿಜಯಪುರದ ಗಾರೆಯವರು ಕಮಾನು, ಗುಮ್ಮಟಗಳಿಂದ ಕಲಿತ ಗಾರೆಯ ವಿದ್ಯೆಯಲ್ಲಿ, ತೊಲೆಯೇ ಇಲ್ಲದೆ, ತೊಲೆಯ ಮೇಲೆ ಹಾಸಿದಂಥ ಚಪ್ಪಟೆ ಮಾಳಿಗೆಯನ್ನು ನಿಲ್ಲಿಸಿದರು.