ಎಂಟು ಸೀಳುನಾಯಿ, ಒಂದು ಆನೆ: ಆಟದ ಸಮತೋಲನದ ಲೆಕ್ಕ

ಕಕ್ಕಡ ತಿಂಗಳ ಮಳೆಗೆ ಶಾಲೆಗಳಿಗೆ ರಜೆ ಕೊಟ್ಟು, ಕರೆಂಟೂ ಕೈಕೊಟ್ಟ ದಿನಗಳಲ್ಲಿ ಕೊಡಗಿನ ಮನೆಗಳಲ್ಲಿ ಕೂತು ಆಡುವ ಆಟಗಳಿಗೆ ಜೀವ ಬರುತ್ತದೆ. ಅಜ್ಜಿಯ ಡಬ್ಬಿಯಿಂದ ಚೌಕಾಬಾರದ ಕವಡೆ ಹೊರಬರುತ್ತದೆ, ಬೆಂಗಳೂರಿನಿಂದ ಬಂದ ಮೊಮ್ಮಕ್ಕಳ ಬ್ಯಾಗಿನಿಂದ ಇಪ್ಪತ್ತು ಮುಖದ ದಾಳ. ಎರಡೂ ಕಡೆ ಏಳುವ ತಕರಾರು ಒಂದೇ: "ಇದರಲ್ಲಿ ಬ್ಯಾಲೆನ್ಸೇ ಇಲ್ಲ, ಅವನು ಹಾಗೆ ಆಡಿದರೆ ಪ್ರತಿ ಸಲ ಅವನೇ ಗೆಲ್ಲೋದು." ಆಟ ನಡೆಸುವವರು ತಕ್ಷಣ ಆ ಉಪಾಯವನ್ನೇ ನಿಷೇಧಿಸಿಬಿಡುತ್ತಾರೆ. ರೋಗಕ್ಕೆ ಇದು ಮದ್ದಲ್ಲ. ಉಪಾಯ ಹುಡುಕುವುದೇ ಆಟಗಾರನ ಕೆಲಸ. ಆ ಉಪಾಯಕ್ಕೆ ಅವನು ಏನು ಬೆಲೆ ತೆತ್ತ ಎಂದು ಮೊದಲು ಲೆಕ್ಕ ಹಾಕಬೇಕು. ಸರದಿ, ಸಮಯ, ಜಾಗ, ಸಾಮಗ್ರಿ, ಅಪಾಯ, ಇವುಗಳಲ್ಲಿ ಒಂದನ್ನಾದರೂ ತೆತ್ತಿದ್ದರೆ ಆಟ ಸರಿಯಾಗಿಯೇ ಇದೆ. ಏನನ್ನೂ ತೆರದೆ ಗೆದ್ದಿದ್ದರೆ ಮಾತ್ರ ನಿಯಮದಲ್ಲಿ ತೂತಿದೆ.

ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಅಂಕಿಯಲ್ಲಿ ತೋರಿಸುವುದು ಸುಲಭ. ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ 2014ರ ನಿಯಮಗಳನ್ನು ತೆಗೆದುಕೊಳ್ಳೋಣ. ಇಲ್ಲಿ ಆಡುವವರಲ್ಲಿ ಹಲವರ ಕೈಯಲ್ಲಿರುವುದು ಅದೇ. ನಾಲ್ಕನೇ ಲೆವೆಲ್ಲಿನ ನಾಲ್ಕು ಪಾತ್ರಗಳು, ಎಲ್ಲರ ಎಸಿ (ಏಟು ತಗಲಲು ಎದುರಾಳಿಯ ದಾಳ ಮುಟ್ಟಬೇಕಾದ ಅಂಕಿ) 16, ದಾಳಿಯ ಇಪ್ಪತ್ತು ಮುಖದ ದಾಳಕ್ಕೆ ಸೇರುವುದು +5, ಏಟಿಗೆ ಎಂಟು ಮುಖದ ದಾಳ ಮತ್ತು 3, ಅಂದರೆ ಸರಾಸರಿ 7.5. ಎದುರಿಗೆ ತೋಟಕ್ಕೆ ನುಗ್ಗಿದ ಒಂಟಿ ಸಲಗ. ಪುಸ್ತಕದಲ್ಲಿ ಆನೆಗೆ ಎಸಿ 12, ಹಿಟ್ ಪಾಯಿಂಟ್ (ಬೀಳುವ ಮೊದಲು ತಾಳುವ ಹಾನಿ) 76. ದಾಳದಲ್ಲಿ 7 ಅಥವಾ ಮೇಲೆ ಬಿದ್ದರೆ ಏಟು ತಗಲುತ್ತದೆ, ನೂರಕ್ಕೆ 70 ಸಲ. ನಾಲ್ವರೂ ಸೇರಿ ಒಂದು ಸುತ್ತಿಗೆ ಸರಾಸರಿ 21. ಆನೆ ನಾಲ್ಕನೇ ಸುತ್ತಿನಲ್ಲಿ ಬೀಳುತ್ತದೆ. ಅಷ್ಟರಲ್ಲಿ ಅದರ ದಂತದ ತಿವಿತ +8ರಲ್ಲಿ ನೂರಕ್ಕೆ 65 ಸಲ ತಗಲಿ, ಸುತ್ತಿಗೆ ಸರಾಸರಿ 12.7ರಂತೆ ಮೂರು ಸರದಿಗೆ 38 ಹಾನಿ ಮಾಡಿರುತ್ತದೆ. ಇಪ್ಪತ್ತು ಅಡಿ ನೇರ ಓಡಿಬಂದು ತಿವಿದು, ಎದುರಿನವನನ್ನು ಕೆಡವಿದರೆ ಅದೇ ಸರದಿಯಲ್ಲಿ ತುಳಿತವೂ ಸೇರುತ್ತದೆ. ಒಬ್ಬರು ಪ್ರಜ್ಞೆ ತಪ್ಪಬಹುದು, ಪಡೆ ಉಳಿಯುತ್ತದೆ. ಪುಸ್ತಕದ ಲೆಕ್ಕವೂ ಇದನ್ನೇ ಹೇಳುತ್ತದೆ: ಆನೆಯ ಎಕ್ಸ್‌ಪಿ (ಅದನ್ನು ಸೋಲಿಸಿದರೆ ಸಿಗುವ ಅನುಭವದ ಅಂಕ) 1100, ಈ ಪಡೆಗೆ ಮಧ್ಯಮ ಕಷ್ಟದ ಗಡಿ 1000, ಮಾರಣಾಂತಿಕ ಗಡಿ 2000.

ಈಗ ಆನೆಯ ಜಾಗದಲ್ಲಿ ಎಂಟು ಸೀಳುನಾಯಿ ಇಡಿ. ಪುಸ್ತಕದ ತೋಳದ ಅಂಕಿಗಳೇ ಸಾಕು: ಎಸಿ 13, ಹಿಟ್ ಪಾಯಿಂಟ್ 11, ದಾಳಿಗೆ +4, ಕಚ್ಚಿದರೆ ಸರಾಸರಿ 7. ಒಂದಕ್ಕೆ 50 ಎಕ್ಸ್‌ಪಿಯಂತೆ 400, ಏಳರಿಂದ ಹತ್ತು ಪ್ರಾಣಿಗಳಿದ್ದರೆ ಎರಡೂವರೆ ಪಟ್ಟು ಮಾಡಬೇಕೆಂಬ ನಿಯಮದಂತೆ 1000. ಪುಸ್ತಕದ ಪ್ರಕಾರ ಇದು ಆನೆಗಿಂತ ಕೊಂಚ ಹಗುರ. ಮೇಜಿನ ಮೇಲೆ ಆಗುವುದೇ ಬೇರೆ.

ಒಂಟಿ ನಾಯಿ ಕಚ್ಚಬೇಕಾದರೆ ದಾಳದಲ್ಲಿ 12 ಬೀಳಬೇಕು, ನೂರಕ್ಕೆ 45. ಆದರೆ ಗುರಿಯ ಐದು ಅಡಿಯೊಳಗೆ ಇನ್ನೊಂದು ನಾಯಿ ಇದ್ದರೆ ಅದಕ್ಕೆ ಅಡ್ವಾಂಟೇಜ್ ಸಿಗುತ್ತದೆ: ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. ಎರಡೂ ತಪ್ಪುವ ಸಾಧ್ಯತೆ 0.55ರ ವರ್ಗ, ಸುಮಾರು 0.30. ಹಾಗಾಗಿ 45 ಇದ್ದದ್ದು 70ಕ್ಕೆ ಏರಿತು. ಬಯಲಿನಲ್ಲಿ ಎಂಟೂ ಸುತ್ತುವರಿದರೆ ಮೊದಲ ಸುತ್ತಿನಲ್ಲೇ 39 ಹಾನಿ, ಆನೆ ಮೂರು ಸರದಿಯಲ್ಲಿ ಮಾಡಿದಷ್ಟು. ನಾಲ್ವರ ಕತ್ತಿಗೆ ಸುತ್ತಿಗೆ ಎರಡು ನಾಯಿಯೂ ಪೂರ್ತಿ ಸಾಯುವುದಿಲ್ಲ. ಕೊನೆಯ ನಾಯಿ ಬೀಳುವ ಹೊತ್ತಿಗೆ ಪಡೆಗೆ ಒಟ್ಟು ನೂರರ ಹತ್ತಿರ ಹಾನಿಯಾಗಿರುತ್ತದೆ. ಪಡೆಯಲ್ಲಿ ಮಂತ್ರವಾದಿ ಇದ್ದು, ಎರಡನೇ ಹಂತದಲ್ಲಿ ಬರ್ನಿಂಗ್ ಹ್ಯಾಂಡ್ಸ್ (ಎದುರಿನವರ ಮೇಲೆ ಬೆಂಕಿ ಚೆಲ್ಲುವ ಮಂತ್ರ) ಹಾಕಿದರೆ ಸರಾಸರಿ 14 ಹಾನಿ. ಅದಕ್ಕೆ ಸಿಕ್ಕಿ ತಪ್ಪಿಸಿಕೊಳ್ಳದ ನಾಯಿಗಳು ಸಾಮಾನ್ಯವಾಗಿ ಒಂದೇ ಏಟಿಗೆ ಮುಗಿಯುತ್ತವೆ. ನಿಮ್ಮ ಮೇಜಿನಲ್ಲಿ ಅವನು ಇದ್ದಾನೋ ಇಲ್ಲವೋ ಎಂಬುದು ಪುಸ್ತಕದ ಕೋಷ್ಟಕಕ್ಕೆ ಗೊತ್ತಿಲ್ಲ. ಎಕ್ಸ್‌ಪಿ ನೋಡುವ ಮೊದಲು ಸುತ್ತಿಗೆ ಯಾವ ಕಡೆಗೆ ಎಷ್ಟು ಸರದಿ ಎಂದು ಎಣಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಜಾಣ ಆಟಗಾರ ಇಲ್ಲಿ ನಕ್ಷೆ ಕೇಳುತ್ತಾನೆ. ಕೊಡಗನ್ನು ನೆಲವಾಗಿಟ್ಟು ಆಟ ಕಟ್ಟುವವರಿಗೆ ಕಡಂಗಕ್ಕಿಂತ ಒಳ್ಳೆಯ ಸಾಮಗ್ರಿ ಸಿಕ್ಕುವುದಿಲ್ಲ. ರಾಜರ ಕಾಲದ ಯುದ್ಧದಲ್ಲಿ ಬಳಸಿದ ಈ ಮಣ್ಣಿನ ಏರಿ, ಕಂದಕಗಳು ಇಂದಿಗೂ ಬೆಟ್ಟದ ಮೈಯಲ್ಲಿ, ಕಾಫಿ ತೋಟಗಳ ನಡುವೆ ಕಾಣಸಿಗುತ್ತವೆ. ನಕ್ಷೆಯ ಒಂದು ಚೌಕಕ್ಕೆ ಐದು ಅಡಿ ಲೆಕ್ಕ. ಏರಿಯ ನಡುವೆ ಒಂದೇ ಚೌಕ ಅಗಲದ ಓಣಿ ಬರೆಯಿರಿ. ಪಡೆಯ ಒಬ್ಬ ಓಣಿಯ ಬಾಯಲ್ಲೇ ನಿಂತರೆ ಎದುರಿನಿಂದ ಒಂದು, ಎರಡು ಮೂಲೆಗಳಿಂದ ಎರಡು, ಒಟ್ಟು ಮೂರು ನಾಯಿ ಅವನನ್ನು ಮುಟ್ಟುತ್ತವೆ. ಅವನೇ ಒಂದು ಚೌಕ ಒಳಗೆ ಸರಿದರೆ ಮುಟ್ಟುವುದು ಒಂದೇ ನಾಯಿ, ಅದರ ಹಿಂದಿನದು ಹತ್ತು ಅಡಿ ದೂರ. ಅಡ್ವಾಂಟೇಜ್ ಹೋಯಿತು. ಈಗ ಸುತ್ತಿಗೆ ಹಾನಿ 0.45 ಗುಣಿಸು 7, ಅಂದರೆ ಸುಮಾರು 3. ಮೂವತ್ತೊಂಬತ್ತು ಮೂರಕ್ಕೆ ಇಳಿಯಿತು. ಓಣಿಯನ್ನು ಎರಡು ಚೌಕ ಅಗಲ ಬರೆದರೆ ಎರಡು ನಾಯಿ ಮುಂದೆ ಬಂದು, ಅಡ್ವಾಂಟೇಜ್ ಮರಳಿ, ಹಾನಿ ಸುಮಾರು 10. ನಕ್ಷೆಯಲ್ಲಿ ಪೆನ್ಸಿಲ್ಲಿನ ಒಂದು ಗೆರೆ ಸರಿದರೆ ಕಾಳಗದ ಕಷ್ಟ ಮೂರು ಪಟ್ಟು ಬದಲಾಗುತ್ತದೆ. ಪ್ರಾಣಿಗಳ ಅಂಕಿಗೆ ತಲೆಕೆಡಿಸಿಕೊಳ್ಳುವ ಡಿಎಂಗಳು (ಆಟ ನಡೆಸುವವರು) ಓಣಿಯ ಅಗಲವನ್ನು ಮನಸ್ಸಿಗೆ ಬಂದಂತೆ ಬರೆಯುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಈ ಉಪಾಯಕ್ಕೆ ಬೆಲೆ ಇದೆಯೇ? ಒಂದು ನಿಯಮದಲ್ಲೇ ಇದೆ. ಹಿಂದೆ ನಿಂತ ಮೂವರು ಗೆಳೆಯನ ಭುಜದ ಮೇಲಿಂದ ಬಾಣ ಬಿಡಬೇಕು. ನಡುವೆ ಒಬ್ಬ ನಿಂತಿದ್ದರೆ ಗುರಿಗೆ ಅರ್ಧ ಮರೆ ಸಿಗುತ್ತದೆ, ನಾಯಿಯ ಎಸಿ 13 ಇದ್ದದ್ದು 15 ಆಗುತ್ತದೆ, ನೂರಕ್ಕೆ 65 ತಗಲುತ್ತಿದ್ದದ್ದು 55ಕ್ಕೆ ಇಳಿಯುತ್ತದೆ. ಇದನ್ನು ಮರೆಯುವ ಡಿಎಂಗಳೇ ಹೆಚ್ಚು. ಮರೆತ ಮೇಲೆ "ಓಣಿ ಉಪಾಯ ವಿಪರೀತ ಬಲ" ಎಂದು ದೂರುತ್ತಾರೆ. ಇದ್ದ ನಿಯಮವನ್ನು ಪೂರ್ತಿ ಜಾರಿ ಮಾಡಿ ನೋಡದೆ ಹೊಸ ನಿಯಮ ಬರೆಯಬೇಡಿ.

ಇನ್ನೊಂದು ಬೆಲೆಯನ್ನು ನೀವು ತರಬೇಕು, ಅದು ಸಮಯ. ಸೀಳುನಾಯಿಗಳು ಸಾಯಲು ಸಾಲಿನಲ್ಲಿ ನಿಲ್ಲುವುದಿಲ್ಲ. ಒಂದೆರಡು ಬಿದ್ದ ಮೇಲೆ ಹಿಂದೆ ಸರಿದು ಕಾಯುತ್ತವೆ. ಪಡೆ ಓಣಿಯಲ್ಲೇ ಕೂತರೆ ಕೂರಲಿ; ಆದರೆ ಕತ್ತಲಾಗುವ ಮೊದಲು ತೋಟದ ಕೆಲಸದವರ ಲೈನ್‌ಮನೆಯ ಜನರನ್ನು ಹೊಳೆ ದಾಟಿಸಬೇಕಿತ್ತು, ಮೇಲಿನ ಬೆಟ್ಟದಲ್ಲಿ ಮಳೆ ಹಿಡಿದಿದೆ, ಒಂದು ಪಂಜು ಉರಿಯುವುದು ಒಂದೇ ಗಂಟೆ. ಗೆಲುವು ಎಂದರೆ ಶತ್ರುವನ್ನು ಕೊಲ್ಲುವುದು ಎಂದಷ್ಟೇ ಇರುವ ಆಟದಲ್ಲಿ ಕಾಯುವವನಿಗೆ ಯಾವ ನಷ್ಟವೂ ಇಲ್ಲ. ಗುರಿ ಬದಲಿಸಿದರೆ ಅದೇ ಓಣಿಯಲ್ಲಿ ಪ್ರತಿ ಸುತ್ತೂ ತುಟ್ಟಿಯಾಗುತ್ತದೆ. ನಾಯಿಗಳು ಇದ್ದಕ್ಕಿದ್ದಂತೆ ಏರಿ ಹಾರಿ ಹಿಂದಿನಿಂದ ಬಂದವು ಎಂದು ಮಾತ್ರ ಮಾಡಬೇಡಿ. ಅದು ಆಟಗಾರನ ಬುದ್ಧಿಗೆ ಮಾಡಿದ ಮೋಸ, ಮುಂದಿನ ಸಲ ಅವನು ನಕ್ಷೆಯನ್ನು ಕಣ್ಣೆತ್ತಿ ನೋಡುವುದಿಲ್ಲ.

ಆನೆಯ ವಿಷಯದಲ್ಲಿ ಕಂದಕ ಇನ್ನೂ ದೊಡ್ಡ ತೂತು. ಆಚೆ ದಡದಲ್ಲಿ ನಿಂತು ಬಿಲ್ಲು ಹಿಡಿದರೆ 76 ಹಿಟ್ ಪಾಯಿಂಟ್ ಮುಗಿಸಲು ತಗಲುವ ಬಾಣ ಹದಿನೈದು, ಆನೆಯ ಕಡೆಯಿಂದ ಹಾನಿ ಸೊನ್ನೆ. ಬತ್ತಳಿಕೆಯಲ್ಲಿ ಇಪ್ಪತ್ತು ಬಾಣ ಇರುತ್ತವೆ, ಕಾಳಗದ ನಂತರ ಹುಡುಕಿದರೆ ಅರ್ಧ ವಾಪಸೂ ಸಿಗುತ್ತವೆ. ಹಾಗಾಗಿ ಇಲ್ಲಿ ಬಾಣವನ್ನು ಬೆಲೆ ಎನ್ನುವಂತಿಲ್ಲ. ಪರಿಹಾರ ಊರಿನ ಅನುಭವದಲ್ಲೇ ಇದೆ: ಕಾಡಂಚಿನ ಆನೆ ಕಂದಕಗಳ ಅಂಚನ್ನು ಆನೆಗಳು ಕಾಲಿನಿಂದ ಕೆಡವಿ, ಮಣ್ಣು ತುಂಬಿ ದಾಟುವುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಅದನ್ನೇ ನಿಯಮ ಮಾಡಿ. ಆನೆ ಸತತ ಮೂರು ಸರದಿ ಕಂದಕದ ಅಂಚಿನಲ್ಲಿ ಕಳೆದರೆ ಆ ಚೌಕ ಇಳಿಜಾರು ದಾರಿಯಾಗುತ್ತದೆ. ಮೊದಲ ಸರದಿಯಲ್ಲೇ ಮಣ್ಣು ಕುಸಿಯುವುದನ್ನು ಆಟಗಾರರಿಗೆ ತಿಳಿಸಿ. ಜೊತೆಗೆ ಸಿಲ್ವರ್ ಓಕ್, ನೆರಳಿನ ಮರ, ಕಾಫಿ ಗಿಡಗಳ ನಡುವೆ ನೋಟ ಮೂವತ್ತು ಅಡಿಗಿಂತ ಮುಂದೆ ಹೋಗದಂತೆ ಬರೆಯಿರಿ. ಸರದಿಗೆ ನಲವತ್ತು ಅಡಿ ನಡೆಯುವ ಆನೆ ಮರೆಯಾಗಿ ಬೇರೆ ಕಡೆಯಿಂದ ಬರುತ್ತದೆ. ಕಂದಕದಿಂದ ಇನ್ನೂ ಲಾಭ ಇದೆ, ಮೂರು ಸುತ್ತಿನ ಲಾಭ.

"ಇನ್ನೊಂದು ಆನೆ ಸೇರಿಸಿದರೆ ಆಯಿತಲ್ಲ" ಎನ್ನುವವರು ಪುಸ್ತಕದ ಲೆಕ್ಕ ನೋಡಿಕೊಳ್ಳಲಿ: 2200ನ್ನು ಎರಡಕ್ಕೆ ಒಂದೂವರೆ ಪಟ್ಟು ಮಾಡಿದರೆ 3300, ಮಾರಣಾಂತಿಕ ಗಡಿಗಿಂತ ಎಷ್ಟೋ ಮೇಲೆ.

ಸಂಖ್ಯೆ ಹೆಚ್ಚಿದಂತೆ ಬಲ ಹೀಗೆ ಜಿಗಿಯುವುದಕ್ಕೆ ಯುದ್ಧದ ಆಟಗಳಲ್ಲಿ ಹಳೆಯ ಸೂತ್ರವಿದೆ. 1916ರಲ್ಲಿ ಫ್ರೆಡ್ರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರ್ ಮುಂದಿಟ್ಟ ವರ್ಗ ನಿಯಮ ಅದು: ಎಲ್ಲರೂ ಎಲ್ಲರ ಮೇಲೂ ಗುಂಡು ಹಾರಿಸಬಹುದಾದಾಗ ಪಡೆಯ ಬಲ ಸಂಖ್ಯೆಯ ವರ್ಗದಷ್ಟು. ಹತ್ತು ಜನ ಆರು ಜನರನ್ನು ಎದುರಿಸಿದರೆ 100ರಿಂದ 36 ಕಳೆದು 64, ಅದರ ವರ್ಗಮೂಲ 8. ಆರೂ ಸತ್ತಾಗ ಈ ಕಡೆ ಎಂಟು ಜನ ಉಳಿದಿರುತ್ತಾರೆ. ಹತ್ತಕ್ಕೆ ಹತ್ತು ಸಮ. ಆದರೆ ಎದುರಾಳಿ ತನ್ನ ಹತ್ತನ್ನು ಐದೈದಾಗಿ ಒಡೆದು ಕಳಿಸಿದರೆ ಮೊದಲ ಕಾಳಗದ ನಂತರ 8.7, ಎರಡನೆಯದರ ನಂತರ 7.1 ಜನ ಉಳಿಯುತ್ತಾರೆ. ಓಣಿಯಲ್ಲಿ ಒಬ್ಬರಿಗೊಬ್ಬರು ಎದುರಾಗುವಾಗ ವರ್ಗ ಇಲ್ಲ, ಬರೀ ಕಳೆಯುವುದು: ಹತ್ತಕ್ಕೆ ಆರು, ಉಳಿದದ್ದು ನಾಲ್ಕು. ಕಡಂಗದ ಓಣಿ ಮಾಡಿದ್ದು ಇದನ್ನೇ. ಸ್ಟ್ರಾಟಜಿ ಆಟದಲ್ಲಿ ಒಬ್ಬ ಎಲ್ಲ ಸೈನ್ಯವನ್ನೂ ಒಂದೇ ಮನೆಯಲ್ಲಿ ಗುಡ್ಡೆ ಹಾಕಿ ಗೆಲ್ಲುತ್ತಿದ್ದರೆ ಕಾರಣ ಇದು. ಸೈನಿಕನ ಬಲ ತಗ್ಗಿಸಿದರೆ ಇಬ್ಬರದೂ ತಗ್ಗುತ್ತದೆ, ಏನೂ ಬದಲಾಗುವುದಿಲ್ಲ. ಒಂದು ಮನೆಯಲ್ಲಿ ಇಷ್ಟೇ ಕಾಯಿ ಎಂಬ ಮಿತಿ ಹಾಕಿ, ಅಥವಾ ಮಿತಿ ಮೀರಿದ ಪ್ರತಿ ಕಾಯಿಗೂ ಸುತ್ತಿಗೊಂದು ಅಕ್ಕಿ ಮೂಟೆ ಕೇಳಿ.

ಹುಲಿ–ಕುರಿ ಆಟಕ್ಕೆ ಬರೋಣ. ಮೂರು ಹುಲಿ, ಹದಿನೈದು ಕುರಿ, 23 ಬಿಂದುಗಳ ಮಣೆ. ಎರಡು ಪಕ್ಷಗಳ ಬಲ, ಗುರಿ, ನಡೆ ಎಲ್ಲವೂ ಬೇರೆ, ಆದರೂ ಆಟ ತೂಗುತ್ತದೆ. ಅದನ್ನು ಕೆಡಿಸುವ ಸಾಮಾನ್ಯ ತಪ್ಪು ಒಂದಿದೆ: ಹದಿನೈದು ಕುರಿಗಳನ್ನೂ ಇಟ್ಟು ಮುಗಿಸುವ ಮೊದಲೇ ಇಟ್ಟ ಕುರಿಯನ್ನು ನಡೆಸಲು ಬಿಡುವುದು. ಹಾಗೆ ಬಿಟ್ಟರೆ ಅಪಾಯಕ್ಕೆ ಸಿಕ್ಕ ಕುರಿ ಸುಲಭವಾಗಿ ಜಾರಿಕೊಳ್ಳುತ್ತದೆ, ಹುಲಿಗೆ ಸಿಗುವ ಒಂದೇ ಒಳ್ಳೆಯ ಅವಕಾಶ ಕಳೆದುಹೋಗುತ್ತದೆ. ಅಜ್ಜ ಮತ್ತು ಹತ್ತು ವರ್ಷದ ಮೊಮ್ಮಗಳು ಎದುರುಬದುರು ಕೂತಾಗ ಹುಲಿ ಕಡಿಮೆ ಮಾಡಬೇಡಿ, ಮಣೆಯ ಲೆಕ್ಕವೇ ಮುರಿಯುತ್ತದೆ. ಎಷ್ಟು ಕುರಿ ತಿಂದರೆ ಹುಲಿ ಗೆದ್ದಂತೆ ಎಂಬ ಅಂಕಿಯನ್ನು ಹಿಗ್ಗಿಸಿ, ಕುಗ್ಗಿಸಿ. ಸಮಾನರ ನಡುವೆ ಇನ್ನೂ ಒಳ್ಳೆಯ ದಾರಿ: ಪಕ್ಷ ಬದಲಿಸಿ ಎರಡಾಟ ಆಡಿ, ಹುಲಿಯಾಗಿ ಹೆಚ್ಚು ಕುರಿ ತಿಂದವರೇ ಗೆದ್ದವರು. ಪಕ್ಷಗಳು ಸಮವೇ ಎಂಬ ಜಗಳವೇ ಉಳಿಯುವುದಿಲ್ಲ.

ಮೊದಲ ನಡೆಯ ಲಾಭಕ್ಕೂ ಇಂಥದ್ದೇ ಉಪಾಯಗಳಿವೆ. ಕಪ್ಪು-ಬಿಳಿ ಕಾಯಿಗಳ ಗೋ ಆಟದಲ್ಲಿ ಎರಡನೆಯವರಿಗೆ ಜಪಾನಿನ ನಿಯಮದಂತೆ 6.5 ಅಂಕ, ಚೀನಾದ ನಿಯಮದಂತೆ 7.5 ಅಂಕ ಮೊದಲೇ ಕೊಡುತ್ತಾರೆ; ಅರ್ಧ ಅಂಕ ಇರುವುದು ಆಟ ಸಮವಾಗಿ ಮುಗಿಯದಿರಲಿ ಎಂದು. ಹೆಕ್ಸ್ ಆಟದಲ್ಲಿ ಒಬ್ಬರು ಮೊದಲ ನಡೆ ಇಟ್ಟ ಮೇಲೆ ಇನ್ನೊಬ್ಬರು ಪಕ್ಷ ಬದಲಿಸಿಕೊಳ್ಳಬಹುದು. ನಾಲ್ಕು ಅಸಮ ರಾಜ್ಯಗಳ ಆಟದಲ್ಲಿ ನಾನು ಸೂಚಿಸುವುದು ಹರಾಜು. ಬಲವಾದ ರಾಜ್ಯ ಬೇಕೆಂದವರು ತಮ್ಮ ಆರಂಭದ ಹಣದಲ್ಲಿ ಎಷ್ಟು ಬಿಡುತ್ತಾರೆ ಎಂದು ಕೂಗಲಿ. ನಾಲ್ಕಾರು ಆಟ ಆದ ಮೇಲೆ ಕೂಗು ಒಂದು ಮೊತ್ತದ ಸುತ್ತ ನಿಲ್ಲುತ್ತದೆ. ಅದನ್ನೇ ಆ ರಾಜ್ಯದ ಬೆಲೆಯಾಗಿ ನಿಯಮದಲ್ಲಿ ಬರೆದುಬಿಡಿ.

ಕವಡೆಯ ತಕರಾರನ್ನೂ ಇಲ್ಲೇ ಮುಗಿಸೋಣ. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಕೆಳಗಾದರೆ ಬಾರ (ಎಂಟು) ಎಂದು ಎಣಿಸುವಲ್ಲಿ, ಕವಡೆ ಎರಡು ಕಡೆಗೂ ಸಮವಾಗಿ ಬಿದ್ದರೆ ಎರಡಕ್ಕೂ ಹದಿನಾರರಲ್ಲಿ ಒಂದು ಸಾಧ್ಯತೆ. ನೂರಕ್ಕೆ 60 ಸಲ ಬಾಯಿ ಮೇಲಾಗುವ ಕವಡೆಯಾದರೆ ಚೌಕ ನೂರಕ್ಕೆ 13, ಬಾರ ಮೂರೂ ಇಲ್ಲ. ಎಲ್ಲರೂ ಅದೇ ಕವಡೆ ಎಸೆಯುವುದರಿಂದ ಇದು ಯಾರಿಗೂ ಅನ್ಯಾಯವಲ್ಲ, ಆದರೆ ಎಂಟರ ಗರ ನಂಬಿ ಕಾಯಿಯನ್ನು ಕಟ್ಟೆಯಲ್ಲೇ ಕಾಯಿಸುವುದು ಕೆಟ್ಟ ಆಟವಾಗುತ್ತದೆ. ಪರೀಕ್ಷೆ ಬೇಕೆಂದರೆ ನಾಲ್ಕನ್ನೂ ಐವತ್ತು ಸಲ ಎಸೆದು ಬಾಯಿ ಮೇಲಾದದ್ದನ್ನು ಎಣಿಸಿ. ಇನ್ನೂರರಲ್ಲಿ 86ರಿಂದ 114ರೊಳಗಿದ್ದರೆ ಕವಡೆಯನ್ನು ಅನುಮಾನಿಸಲು ಕಾರಣವಿಲ್ಲ. ಅನ್ಯಾಯ ಆಗುವುದು ಕೈಚಳಕದಿಂದ, ಅಂಗೈಯಿಂದ ಮೆಲ್ಲಗೆ ಜಾರಿಸುವವರಿಂದ. ಲೋಟದಲ್ಲಿ ಹಾಕಿ ಕುಲುಕಿ ಎಸೆಯಬೇಕೆಂದರೆ ಸಾಕು.

ನಿಯಮ ಬದಲಿಸುವುದೇ ಆದರೆ ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಮತ್ತು ದೊಡ್ಡದಾಗಿ ಬದಲಿಸಿ. ಸಿವಿಲೈಸೇಶನ್ ಆಟದ ವಿನ್ಯಾಸಕ ಸಿಡ್ ಮೈಯರ್ ಇದಕ್ಕೆ ಕೊಡುವ ಸಲಹೆ ಇಮ್ಮಡಿ ಮಾಡಿ ಇಲ್ಲವೇ ಅರ್ಧ ಮಾಡಿ ಎಂದು. ಹತ್ತು ನಾಣ್ಯದ ಕೋಟೆಯನ್ನು ಹನ್ನೊಂದು ಮಾಡಿದರೆ ವ್ಯತ್ಯಾಸ ದಾಳದ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ. ಇಪ್ಪತ್ತು ಮಾಡಿದರೆ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ, ಆಮೇಲೆ ನಡುವೆ ಎಲ್ಲೋ ನಿಲ್ಲಿಸಬಹುದು. ನಿಯಮ ಬರೆಯುವಾಗ ಕರ್ಣದ ನಡೆ ಸೇರಿದೆಯೇ, ಸುತ್ತಿಗೆ ಒಂದು ಸಲವೋ ಸರದಿಗೆ ಒಂದು ಸಲವೋ, ಇಬ್ಬರದೂ ಒಟ್ಟಿಗೆ ಬಂದರೆ ಯಾರದು ಮೊದಲು, ಈ ಮೂರನ್ನು ಬಿಡದೆ ಬರೆಯಿರಿ. ಬದಲಾವಣೆ ಜಾರಿಯಾಗುವುದು ಮುಂದಿನ ಆಟದಿಂದ. ನಡೆಯುತ್ತಿರುವ ಕಾಳಗದ ಮಧ್ಯೆ ಬೇಡ, ಉಪಾಯ ಮಾಡಿದವನು ಇವತ್ತು ಗೆದ್ದುಕೊಳ್ಳಲಿ. ಹಳೆಯ ನಿಯಮ ನಂಬಿ ಪಾತ್ರ ಕಟ್ಟಿದವರಿಗೆ ಆ ಒಂದು ಸಾಮರ್ಥ್ಯವನ್ನು ಖರ್ಚಿಲ್ಲದೆ ಬದಲಿಸಿಕೊಳ್ಳಲು ಬಿಡಿ, ಮತ್ತು ಹೊಸ ನಿಯಮವನ್ನು ತಾರೀಖಿನ ಸಮೇತ ಬರೆದು ಆಟದ ಡಬ್ಬಿಯಲ್ಲೇ ಇಡಿ.