ಎಡುಪು ಎಲ್ಲಿ?

ಅಪ್ಪ ಊಟದ ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಾನೆ. ಮಗಳು ಬ್ಯಾಗು ಎತ್ತಿಕೊಂಡು, ಒಂದು ಮಾತೂ ಆಡದೆ ಹೊರಟುಬಿಡುತ್ತಾಳೆ. ಬಾಗಿಲು ಮುಚ್ಚುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಒಂದು ತಟ್ಟೆಯನ್ನು ವಾಪಸ್ ಒಳಗಿಡುತ್ತಾನೆ. ಇಷ್ಟೇ ದೃಶ್ಯ. 41 ಸೆಕೆಂಡು. ಕಳೆದ ತಿಂಗಳು ರಾಜಾಜಿನಗರದ ನನ್ನ ಕೋಣೆಯಲ್ಲಿ ಸಿನಿಮಾದ ಈ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಮಾಡುತ್ತಾ ನಾಲ್ಕು ದಿನ ಕೂತಿದ್ದೆ.

ರಾಗ ಮೊದಲ ದಿನವೇ ಸಿಕ್ಕಿತ್ತು. ವಾದ್ಯ ಚೆಲ್ಲೋ, ಅಂದರೆ ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯ, ಅನ್ನುವುದೂ ತೀರ್ಮಾನವಾಗಿತ್ತು. ದಿನಗಳು ಕಳೆದಿದ್ದು ಒಂದೇ ಪ್ರಶ್ನೆಗೆ: ಚೆಲ್ಲೋ ಯಾವ ಕ್ಷಣಕ್ಕೆ ಶುರುವಾಗಬೇಕು?

ಗಾಂಧಿನಗರದಲ್ಲಿ ಈ ಕೆಲಸವನ್ನು ರೀರೆಕಾರ್ಡಿಂಗ್ ಅಂತಾರೆ, ಚಿಕ್ಕದಾಗಿ ಆರ್‌ಆರ್. ಹಾಡಿನ ವಿಷಯದಲ್ಲಿ ಸಂಗೀತ ಮೊದಲು ಆಗುತ್ತದೆ, ಅದಕ್ಕೆ ತಕ್ಕ ಹಾಗೆ ಶೂಟಿಂಗ್ ನಡೆಯುತ್ತದೆ. ಆರ್‌ಆರ್‌ನಲ್ಲಿ ಉಲ್ಟಾ. ಚಿತ್ರ ಆಗಲೇ ಮುಗಿದಿರುತ್ತದೆ. ತಾಳ ಹಾಕುತ್ತಿರುವುದು ಚಿತ್ರ, ಹಾಡಬೇಕಾದವರು ನಾವು.

ಕರ್ನಾಟಕ ಸಂಗೀತ ಕಲಿತವರಿಗೆ ಎಡುಪು ಅಂದರೆ ಗೊತ್ತು, ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ. ತಾಳದ ಆರಂಭಕ್ಕೇ ಹಾಡು ಎತ್ತಿಕೊಂಡರೆ ಸಮ. ಅದಕ್ಕಿಂತ ಮುಂಚೆ ಎತ್ತಿಕೊಂಡರೆ ಅತೀತ. ತಾಳ ಶುರುವಾದ ಮೇಲೆ ಎತ್ತಿಕೊಂಡರೆ ಅನಾಗತ. ನಾನು ದೃಶ್ಯಗಳನ್ನೂ ಹೀಗೇ ನೋಡುತ್ತೇನೆ. ಬಾಗಿಲು ಮುಚ್ಚುವ ಕ್ಷಣವನ್ನೇ ತಾಳದ ಆರಂಭ ಅಂದುಕೊಂಡು, ಈ ಅಪ್ಪನ ದೃಶ್ಯಕ್ಕೆ ಮೂರನ್ನೂ ಹಾಕಿ ನೋಡಿದೆ.

ಮೊದಲು ಸಮ. ಬಾಗಿಲು ಮುಚ್ಚುವುದು ಸರಿಯಾಗಿ ಏಳೂವರೆ ಸೆಕೆಂಡಿಗೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಂತೆ, ಅಂದರೆ 180ನೇ ಫ್ರೇಮು. ನಿಮಿಷಕ್ಕೆ 64 ಪೆಟ್ಟಿನ ವೇಗ ಇಟ್ಟುಕೊಂಡರೆ ಆದಿತಾಳದ ಎಂಟು ಎಣಿಕೆಗೆ ಏಳೂವರೆ ಸೆಕೆಂಡೇ ಬೇಕು. ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಮುಗಿದು ಮುಂದಿನ ಸುತ್ತಿನ ಮೊದಲ ಪೆಟ್ಟಿಗೆ ಬಾಗಿಲು ಮುಚ್ಚುತ್ತದೆ. ಲೆಕ್ಕ ಇಷ್ಟು ಚೆನ್ನಾಗಿ ಕೂತಾಗ ಮನಸ್ಸಿಗೆ ಖುಷಿ ಆಗುತ್ತದೆ. ಆದರೆ ಹಾಕಿ ನೋಡಿದರೆ ಬಾಗಿಲಿನ ಸದ್ದು ಮತ್ತು ಚೆಲ್ಲೋ ಒಂದೇ ಮಾತನ್ನು ಎರಡು ಸಲ ಹೇಳುತ್ತಿದ್ದವು. ಮಗಳು ಹೋದಳು, ನೋಡಿ, ಮಗಳು ಹೋದಳು ಅಂತ. ಅಪ್ಪನ ಮುಖ ನೋಡೋಕೆ ಜಾಗವೇ ಇಲ್ಲ.

ಸಮ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ (ರಾಕ್ಷಸ ಪಾತ್ರ) ಬರುವಾಗ ಚೆಂಡೆ ಹೆಜ್ಜೆಗೆ ಸರಿಯಾಗಿ ಬೀಳಲೇಬೇಕು, ಆ ಪಾತ್ರದ ತೂಕ ಇರುವುದೇ ಅಲ್ಲಿ. 1960ರ ‘ಸೈಕೋ’ ಚಿತ್ರದ ಸ್ನಾನದ ಕೋಣೆಯ ಕೊಲೆ ದೃಶ್ಯವೂ ಸಮವೇ. ಆ ಜಾಗಕ್ಕೆ ಸಂಗೀತವೇ ಬೇಡ ಅಂತ ನಿರ್ದೇಶಕ ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದರು. ಆದರೂ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೆದರು, ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿಕೊಂಡರು. ಇಡೀ ಚಿತ್ರಕ್ಕೆ ತಂತಿವಾದ್ಯ ಮಾತ್ರ. ಸ್ನಾನದ ಕೋಣೆಯ ಪರದೆ ಸರಕ್ಕನೆ ಸರಿದ ಕ್ಷಣಕ್ಕೆ ಪಿಟೀಲುಗಳು ಕಿರುಚುತ್ತವೆ. ಎಲ್ಲರೂ ಆ ಕಿರುಚಾಟದ ಬಗ್ಗೆ ಮಾತಾಡುತ್ತಾರೆ. ನಾನು ಕೇಳಿಸಿಕೊಳ್ಳಿ ಅನ್ನುವುದು ಅದಕ್ಕಿಂತ ಮುಂಚಿನ ಹೊತ್ತನ್ನು. ಅಲ್ಲಿ ನೀರು ಸುರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಆ ಸುಮ್ಮನಿರುವಿಕೆ ಇಲ್ಲದಿದ್ದರೆ ಪಿಟೀಲಿಗೆ ಅಷ್ಟು ಬಲ ಎಲ್ಲಿಂದ ಬರಬೇಕು?

ಎರಡನೇ ದಿನ ಅತೀತ ನೋಡಿದೆ. ತಟ್ಟೆ ಇಡುವಾಗಲೇ ಸಂಗೀತ. ಇದರಲ್ಲಿ ನೋಡುವವರಿಗೆ ಅಪ್ಪನಿಗಿಂತ ಮೊದಲೇ ವಿಷಯ ತಿಳಿದುಬಿಡುತ್ತದೆ. ಭಯದ ಚಿತ್ರಕ್ಕೆ ಇದು ಒಳ್ಳೆಯ ಉಪಾಯ. ಇಲ್ಲಿ ಮಾತ್ರ ಅಪ್ಪನಿಗೆ ಮೋಸ ಮಾಡಿದ ಹಾಗೆ ಅನಿಸಿತು. ಅವನು ಪಾಪ ಊಟಕ್ಕೆ ರೆಡಿ ಮಾಡುತ್ತಿದ್ದಾನೆ, ನಾನು ಅವನ ಬೆನ್ನ ಹಿಂದೆ ನಿಂತು ಗುಟ್ಟು ಹೇಳುತ್ತಿದ್ದೇನೆ. ಬೇಡ ಅಂತ ತೆಗೆದುಹಾಕಿದೆ.

ಅಷ್ಟರಲ್ಲಿ ಎಡಿಟಿಂಗ್‌ನಲ್ಲಿ ಬಾಗಿಲಿಗಿಂತ ಮುಂಚಿನ 12 ಫ್ರೇಮು ಕತ್ತರಿಸಿದರು. ಅರ್ಧ ಸೆಕೆಂಡು, ಕಣ್ಣಿಗೆ ಗೊತ್ತೇ ಆಗಲ್ಲ. ಆದರೆ ಎಂಟು ಎಣಿಕೆ ಈಗ ಏಳು ಸೆಕೆಂಡಿಗೆ ಮುಗಿಯಬೇಕು. ವೇಗ 64ರಿಂದ ಸುಮಾರು 68.5ಕ್ಕೆ ಏರುತ್ತದೆ. ಅಳುಕುತ್ತಾ ನಡೆಯುತ್ತಿದ್ದ ಸಂಗೀತ ಅವಸರದಲ್ಲಿ ನಡೆಯತೊಡಗುತ್ತದೆ. ಎಡಿಟಿಂಗ್ ಪೂರ್ತಿ ಲಾಕ್ ಆಗದೆ ಆರ್‌ಆರ್‌ಗೆ ಕೊಡಬೇಡಿ ಅಂತ ಹೊಸ ನಿರ್ದೇಶಕರಿಗೆ ನಾನು ಕೈಮುಗಿದು ಕೇಳುವುದು ಇದಕ್ಕೇ.

ಮೂರನೇ ದಿನ ಅನಾಗತ. ಸಂಗೀತವನ್ನು ತಡವಾಗಿ ಶುರುಮಾಡಿದೆ. ಬಾಗಿಲು ಮುಚ್ಚಿ ನಾಲ್ಕು ಸೆಕೆಂಡು ಬಿಟ್ಟು. ಆಮೇಲೆ ಎಂಟು. ಆಮೇಲೆ ಅಪ್ಪ ತಟ್ಟೆ ಕೈಗೆ ತೆಗೆದುಕೊಳ್ಳುವವರೆಗೆ. ತಡವಾದಷ್ಟೂ ಅಪ್ಪ ನಮ್ಮವನಾಗುತ್ತಾ ಬಂದ. ಸಂಗೀತ ಇಲ್ಲದ ಹೊತ್ತಿನಲ್ಲಿ ನೋಡುವವರು ತಾವೇ ಯೋಚನೆ ಮಾಡುತ್ತಾರೆ, ಅಲ್ವಾ? ಇವನು ಕೂಗಿ ಕರೀತಾನಾ, ಹಿಂದೆ ಓಡ್ತಾನಾ ಅಂತ. ಆ ಯೋಚನೆ ಮುಗಿಯುವವರೆಗೆ ನಾವು ಕಾಯಬೇಕು. ನಮ್ಮ ಸಿನಿಮಾಗಳಲ್ಲಿ ಸಂಗೀತ ಜಾಸ್ತಿ ಆಯಿತು ಅನ್ನುವ ದೂರನ್ನು ನಾನು ಒಪ್ಪುತ್ತೇನೆ. ಅದರಲ್ಲೂ ಬೇಗ ಬಂದುಬಿಡುವ ಸಂಗೀತವೇ ಜಾಸ್ತಿ.

ಇಷ್ಟಾದರೂ ಚೆಲ್ಲೋ ಶುರುವಾದ ಜಾಗ ಎದ್ದು ಕಾಣುತ್ತಿತ್ತು. ಈಗ ಸಂಗೀತ ಬಂತು ಅಂತ ಯಾರಾದರೂ ಬೆರಳಿಟ್ಟು ತೋರಿಸಬಹುದಿತ್ತು.

ನಾಲ್ಕನೇ ದಿನ ಬೆಳಗ್ಗೆ ಸಂಗೀತ ಎಲ್ಲಾ ಆಫ್ ಮಾಡಿ, ಶೂಟಿಂಗ್ ಜಾಗದಲ್ಲಿ ರೆಕಾರ್ಡ್ ಆದ ಸದ್ದನ್ನು ಮಾತ್ರ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಫ್ಯಾನು ತಿರುಗುತ್ತಿದೆ. ದೂರದಲ್ಲಿ ಒಂದು ಆಟೋ. ಅಪ್ಪ ತಟ್ಟೆ ಎತ್ತುವ ಸ್ವಲ್ಪ ಮುಂಚೆ, ಬೀದಿಯಲ್ಲಿ ಒಬ್ಬ ಸೊಪ್ಪಿನಮ್ಮ, “ಸೊಪ್ಪೂ... ದಂಟಿನ್ ಸೊಪ್ಪೂ” ಅಂತ ಕೂಗಿಕೊಂಡು ಹೋಗುತ್ತಾಳೆ. ಶೂಟಿಂಗ್ ದಿನ ಬಸವನಗುಡಿಯ ಆ ರಸ್ತೆಯಲ್ಲಿ ನಿಜವಾಗಲೂ ಹೋದವಳು. ಕೊನೆಯ ‘ಊ’ ಉದ್ದಕ್ಕೆ ನಿಲ್ಲುತ್ತದೆ. ಹಾರ್ಮೋನಿಯಂನಲ್ಲಿ ಹಿಡಿದು ನೋಡಿದೆ. ಅದರ ಎತ್ತರ ಐದೂವರೆ ಶ್ರುತಿ.

ಬಿ.ವಿ. ಕಾರಂತರ ನೆನಪಾಯಿತು. ರಂಗಭೂಮಿಯಲ್ಲಿ ಅವರಿಗೆ ಕೈಗೆ ಸಿಕ್ಕಿದ್ದೆಲ್ಲ ವಾದ್ಯವೇ. 1977ರ ‘ಘಟಶ್ರಾದ್ಧ’ ಸಿನಿಮಾಕ್ಕೆ ಸಂಗೀತದ ರಾಷ್ಟ್ರಪ್ರಶಸ್ತಿ ಬಂದಿದ್ದು ಅವರಿಗೇ. ದೃಶ್ಯದ ಒಳಗಿನ ಸದ್ದು ಎಲ್ಲಿ ಮುಗಿಯಿತು, ಸಂಗೀತ ಎಲ್ಲಿ ಶುರುವಾಯಿತು ಅನ್ನುವ ಗೆರೆಯನ್ನು ಅಷ್ಟು ಗಟ್ಟಿಯಾಗಿ ಎಳೆಯಬೇಕಿಲ್ಲ ಅನ್ನುವುದನ್ನು ನಾನು ಕಲಿತಿದ್ದು ಅವರ ಕೆಲಸದಿಂದ.

ನನ್ನ ಚೆಲ್ಲೋ ಬೇರೆ ಶ್ರುತಿಯಲ್ಲಿತ್ತು. ನುಡಿಸಿದ ಕಲಾವಿದರನ್ನು ಮತ್ತೆ ಕರೆಸಿ, ಐದೂವರೆಗೆ ಬದಲಾಯಿಸಿ, ಸೊಪ್ಪಿನಮ್ಮನ ಕೂಗಿಗಿಂತ ಒಂದು ಸ್ಥಾಯಿ ಕೆಳಗೆ ಷಡ್ಜ, ಅಂದರೆ ‘ಸ’ ಸ್ವರ, ಹಿಡಿಸಿದೆ. ಅವಳ ‘ಊ’ ಇನ್ನೂ ಇರುವಾಗಲೇ, ಬಹಳ ಸಣ್ಣ ದನಿಯಲ್ಲಿ. ಕೂಗು ಬೀದಿಯ ತಿರುವಿನಲ್ಲಿ ಕರಗುತ್ತದೆ, ಚೆಲ್ಲೋ ಉಳಿಯುತ್ತದೆ. ಅಪ್ಪ ತಟ್ಟೆ ಒಳಗಿಡುತ್ತಾನೆ.

ನಿರ್ದೇಶಕರು ಎರಡು ಸಲ ನೋಡಿ, “ಸರ್, ಇಲ್ಲಿ ಮ್ಯೂಸಿಕ್ ಬಿಟ್ ಎಲ್ಲಿಂದ ಸ್ಟಾರ್ಟ್ ಮಾಡಿದೀರಾ?” ಅಂತ ಕೇಳಿದರು. ಮೂರನೇ ಸಲ ಹಾಕಿ ತೋರಿಸಿದೆ.

ಮುಂದಿನ ವಾರ ಫೈನಲ್ ಮಿಕ್ಸಿಂಗ್. ಬೀದಿ ಗಲಾಟೆ ಅಂದುಕೊಂಡು ಆ ಕೂಗನ್ನು ತೆಗೆದುಬಿಡಬೇಡಿ ಅಂತ ಸೌಂಡ್ ಎಂಜಿನಿಯರ್‌ಗೆ ಇವತ್ತೇ ಫೋನ್ ಮಾಡಿ ಹೇಳಿದ್ದೇನೆ.